ತೊಟ್ಟಿಲು ತೂಗುವ ತೊಲೆ

ಸುರಪುರದ ಹಳೆಯ ಅಗಸೆಯ ಒಳಗೆ, ಏರು ಓಣಿಯ ತಿರುವಿನಲ್ಲಿ ಕಾರಕೂನ ಮರಿಲಿಂಗಪ್ಪನ ಮನೆ. ಅರಸರ ಕಾಲದಲ್ಲಿ ಯಾವನೋ ಸರದಾರ ಕಟ್ಟಿಸಿದ್ದಂತೆ. ಅವನ ವಂಶ ಅಳಿದು, ಮನೆ ಅವರಿವರ ಕೈ ದಾಟಿ, ಕೊನೆಗೆ ಮರಿಲಿಂಗಪ್ಪನ ಅಜ್ಜನ ಪಾಲಿಗೆ ಬಂತು. ಕಲ್ಲಿನ ತಲೆಬಾಗಿಲು, ಅದರ ಎರಡೂ ಬದಿಗೆ ಕೆತ್ತಿದ ಹಂಸ, ಒಳಗೆ ಪಡಸಾಲೆಯಲ್ಲಿ ಸಾಗವಾನಿಯ ಕಂಬಗಳು, ಕಂಬದ ತಲೆಯ ಮೇಲೆ ಗಿಳಿಮೂತಿಯ ಬೋದಿಗೆ, ಅದರ ಮೇಲೆ ಅಡ್ಡಲಾಗಿ ಮಲಗಿದ ದಪ್ಪನೆಯ ತೊಲೆ. ಆ ತೊಲೆಗೆ ಎರಡು ಕಬ್ಬಿಣದ ಕೊಂಡಿ.

ಸರದಾರನಿಗೆ ಹಂಸ, ಗಿಳಿ ಮುಖ್ಯವಾಗಿದ್ದವೋ ಏನೋ. ಈ ಮನೆಯ ಹೆಂಗಸರಿಗೆ ಮುಖ್ಯವಾದದ್ದು ಆ ಎರಡು ಕೊಂಡಿ. ಮರಿಲಿಂಗಪ್ಪನ ಅಪ್ಪ ಅದಕ್ಕೆ ತೂಗುಹಾಕಿದ ತೊಟ್ಟಿಲಲ್ಲಿ ಮಲಗಿದ್ದ, ಮರಿಲಿಂಗಪ್ಪ ಮಲಗಿದ್ದ, ಅವನ ಒಬ್ಬಳೇ ಮಗಳು ಪಾರ್ವತೆಮ್ಮ ಮಲಗಿದ್ದಳು. ಈ ಮನೆಯ ಕೂಸಿಗೆ ಹೆಸರಿಡಬೇಕೆಂದರೆ ಆ ತೊಲೆಗೆ ತೊಟ್ಟಿಲು ಏರಬೇಕು. ಬೇರೆ ಕಡೆ ಇಟ್ಟ ಹೆಸರು ಕೂಸಿಗೆ ಅಂಟುವುದಿಲ್ಲ ಎಂದು ಮರಿಲಿಂಗಪ್ಪನ ತಾಯಿ ಹೇಳುತ್ತಿದ್ದಳು. ಆಕೆ ಹೋದ ಮೇಲೆ ಆ ಮಾತನ್ನು ಸೊಸೆ ದೇವಕಮ್ಮ ಹಿಡಿದುಕೊಂಡಳು. ಅತ್ತೆಯ ಬೇರೆ ಯಾವ ಮಾತನ್ನೂ ಆಕೆ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಮರಿಲಿಂಗಪ್ಪ ಶಹಾಪುರದ ಆಚೆಯ ಕಾಲುವೆ ಕ್ಯಾಂಪಿನಲ್ಲಿ ಕಾರಕೂನ. ಮುಂಜಾನೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವವನು ಹೊತ್ತು ಮುಳುಗುವಾಗ ಇಳಿಯುತ್ತಿದ್ದ. ಕಾಯಿದೆ ಎಂದರೆ ಅವನಿಗೆ ಜೀವ. ಯಾರ ಮಾತಿಗೂ ಒಂದು ಕಲಮು ಹುಡುಕಿ ಉತ್ತರ ಕೊಟ್ಟರೇ ಅವನಿಗೆ ಉಂಡದ್ದು ಮೈಗೆ ಹತ್ತುವುದು. ಇನ್ನೊಂದು ಚಟವೆಂದರೆ ಮನೆಯ ಬಗ್ಗೆ ಜಂಬ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಗೊತ್ತಿದ್ದೂ, ಮನೆಯ ಮಾತು ಬಂದರೆ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

ಕಾಲುವೆಗೆ ನೀರು ಬಿಟ್ಟ ಹೊಸದು. ಹಿಂದೆ ಯಾರೂ ಹೊರಳಿ ನೋಡದಿದ್ದ ಈ ಸೀಮೆಗೆ ದಿನಾ ಒಂದಲ್ಲ ಒಂದು ಜೀಪು ಬರುತ್ತಿತ್ತು. ಅಂಥದ್ದೊಂದು ಜೀಪಿನಿಂದ ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆಯ ಸಾಹೇಬರು ಇಳಿದು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಏರು ಓಣಿಗೆ ಬಂದರು. ತಲೆಬಾಗಿಲಿನ ಹಂಸ ಕಂಡು ನಿಂತರು. ಅಂದು ಭಾನುವಾರ, ಮರಿಲಿಂಗಪ್ಪನ ಗ್ರಹಚಾರ, ಅವನು ಮನೆಯಲ್ಲಿದ್ದ.

"ಬರ್ರಿ ಸಾಹೇಬ್ರ, ಒಳಗ ಬರ್ರಿ," ಎಂದು ಕರೆದು, ಚಹಾ ಮಾಡಿಸಿ, ಮಾತು ಶುರು ಮಾಡಿದ. ತಾನು ದಿನಾ ಕೂತು ಗಡ್ಡ ಹೆರೆದುಕೊಳ್ಳುವ ಕಲ್ಲಿನ ಕಟ್ಟೆ ತೋರಿಸಿ, "ಇಲ್ಲಿ ಅರಸರು ಕೂತು ನ್ಯಾಯ ಹೇಳ್ತಿದ್ರಿ," ಎಂದ. ಜೋಳದ ಚೀಲ ಇಡುವ ಕತ್ತಲೆ ಕೋಣೆ ತೋರಿಸಿ, "ಇಲ್ಲಿ ಖಜಾನಿ ಇತ್ತು," ಎಂದ. ದೇವಕಮ್ಮ ಒಳಗಿನಿಂದ ಕೆಮ್ಮಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಸಾಹೇಬರು ಎಲ್ಲವನ್ನೂ ಬರೆದುಕೊಂಡು, ಚಹಾ ಬಹಳ ಚೆನ್ನಾಗಿತ್ತು ಎಂದು ಹೇಳಿ ಹೋದರು.

ಮುಂದಿನ ದಸರೆಯ ಹೊತ್ತಿಗೆ ಬಾಗಿಲ ಪಕ್ಕದಲ್ಲಿ ನೀಲಿ ಬೋರ್ಡು ಎದ್ದಿತು. ಇದು ರಕ್ಷಿತ ಕಟ್ಟಡ, ಇದರ ಯಾವ ಭಾಗವನ್ನೂ ಅಗೆಯುವುದು, ಕೀಳುವುದು, ತೆಗೆಯುವುದು, ಬದಲಿಸುವುದು ಅಪರಾಧ ಎಂದು ಅದರಲ್ಲಿ ಬರೆದಿತ್ತು. ಮರಿಲಿಂಗಪ್ಪನಿಗೆ ಸ್ವರ್ಗ ಮೂರೇ ಗೇಣು. ಕ್ಯಾಂಪಿನ ಗೆಳೆಯರನ್ನು ಕರೆತಂದು ಬೋರ್ಡು ತೋರಿಸಿದ. ನಾಲ್ಕನೆಯ ಇಯತ್ತೆ ಕಲಿತಿದ್ದ ದೇವಕಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿ ಪೂರ್ತಿ ಓದಿ, "ಇದರಾಗ ನಮ್ಮ ಹೆಸರ ಎಲ್ಲಿ ಅದ?" ಎಂದು ಕೇಳಿದಳು.

"ನಮ್ಮ ಹೆಸರ ಯಾಕ ಬೇಕು? ಮನಿ ನಮ್ಮದ ಅಲ್ಲೇನು?"

"ಹೌದಲ್ಲ, ಅದನ್ನ ಒಂದಿಷ್ಟು ಬರೀಬೇಕಿತ್ತು," ಎಂದು ಆಕೆ ಒಳಗೆ ಹೋದಳು.

ಈ ಸೀಮೆಯ ಮಾಳಿಗೆ ಮನೆಗಳ ಆಯುಸ್ಸು ಮಣ್ಣಿನಲ್ಲಿದೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲಿನ ಪದರು ಸವಳು ಮಣ್ಣಿನದೇ ಆಗಬೇಕು. ಹೊಲದಲ್ಲಿ ಬೆಳೆಯನ್ನು ಸುಡುವ ಆ ಉಪ್ಪುಮಣ್ಣು ಮಾಳಿಗೆಯ ಮೇಲೆ ಕೂತರೆ ನೀರನ್ನು ಕೆಳಗೆ ಬಿಡುವುದಿಲ್ಲ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಮಾಳಿಗೆ ಏರಿ, ಹಿಂದಿನ ವರ್ಷದ್ದನ್ನು ಹೆರೆದು ಕೆಳಗೆ ಚೆಲ್ಲಿ, ಹುಲ್ಲಿನ ಬೇರು ಕಿತ್ತು, ಹೊಸ ಸವಳು ಹರವಿ ಬಡಿದು ಗಟ್ಟಿ ಮಾಡಬೇಕು. ಆ ಕೆಲಸ ಓಣಿಯ ಎಲ್ಲ ಮನೆಗಳಿಗೂ ಮಸ್ತಾನಸಾಬನದು. ಎತ್ತಿನ ಗಾಡಿಯಲ್ಲಿ ಮಣ್ಣು ತರುವವನೂ ಅವನೇ, ಮಾಳಿಗೆ ಹೆರೆಯುವವನೂ ಅವನೇ.

ಬೋರ್ಡು ಬಂದ ಮೊದಲ ಬೇಸಿಗೆಯಲ್ಲಿ ಮಸ್ತಾನಸಾಬ ಸಲಿಕೆ ಹಿಡಿದು ಮಾಳಿಗೆ ಏರಿದ. ಒಂದು ಬುಟ್ಟಿ ಮಣ್ಣು ಕೆಳಗೆ ಬಿದ್ದಿತ್ತೋ ಇಲ್ಲವೋ, ಓಣಿಯಿಂದ ಸೀಟಿ ಕೇಳಿಸಿತು. ಖಾಕಿ ಅಂಗಿ ತೊಟ್ಟ ಹಂಪಣ್ಣ ನಿಂತಿದ್ದ. ಹಿಂದಿನ ಓಣಿಯ ಹಂಪಣ್ಣನೇ. ನಿನ್ನೆ ಮೊನ್ನೆಯವರೆಗೆ ಕೆಲಸವಿಲ್ಲದೆ ಚಹಾದಂಗಡಿಯ ಬೆಂಚು ಸವೆಸುತ್ತಿದ್ದವನು, ಈಗ ಇಲಾಖೆಯ ಕಾವಲುಗಾರ.

"ಏ ಮಸ್ತಾನಣ್ಣ, ಇಳಿ ಕೆಳಗ. ಬೋರ್ಡ ಓದಿಲ್ಲೇನು? ಏನೂ ತೆಗಿಯಂಗಿಲ್ಲ."

"ಮಣ್ಣಪಾ ಇದು. ವರ್ಷಾ ತೆಗಿತೀನಿ."

"ಯಾವ ಕಾಲದ ಮಣ್ಣದು?"

ಮಸ್ತಾನಸಾಬ ಸಲಿಕೆ ಊರಿ ನಿಂತ. ಯಾವ ಕಾಲದ್ದೆಂದು ಯಾರು ಹೇಳಬೇಕು? ಅಡಿಯದು ಸರದಾರ ಹಾಕಿಸಿದ್ದಿರಬಹುದು. "ಅದೂ ಹಳೇದ ಅಲ್ಲೇನು? ನಾಳಿ ಸಾಹೇಬ್ರು ಕೇಳಿದ್ರ ನಾ ಏನ ಹೇಳ್ಲಿ?" ಎಂದ ಹಂಪಣ್ಣ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿರಲಿಲ್ಲ.

ಮರಿಲಿಂಗಪ್ಪ ಬನಿಯನ್ನಿನಲ್ಲೇ ಹೊರಗೆ ಬಂದು ಬೋರ್ಡಿನ ಮುಂದೆ ನಿಂತ. ಓದಿದ. ಮತ್ತೆ ಓದಿದ. ಅವನ ಮುಖದ ಮೇಲೆ, ಆಫೀಸಿನಲ್ಲಿ ಕಲಮು ಸಿಕ್ಕಾಗ ಮೂಡುವ ಬೆಳಕು ಮೂಡಿತು. "ಹಂಪಣ್ಣ ಹೇಳೂದು ಖರೇ ಅದ. ತೆಗಿಯಂಗಿಲ್ಲ ಅಂತ ಬರದಾರ. ಆದರ ಹಾಕಂಗಿಲ್ಲ ಅಂತ ಎಲ್ಲೂ ಬರದಿಲ್ಲ. ಮಸ್ತಾನಣ್ಣ, ಹಳೇದು ಹಂಗೇ ಇರ್ಲಿ, ಹೊಸಾದು ಮ್ಯಾಲ ಹಾಕು."

ಹಂಪಣ್ಣ ತಲೆದೂಗಿದ. ಮಸ್ತಾನಸಾಬ, ಮನೆ ನಿನ್ನದು ಮಾತು ನಿನ್ನದು ಎನ್ನುವಂತೆ ಗಾಡಿಯ ಕಡೆ ಇಳಿದ. ದೇವಕಮ್ಮ ಮಾತ್ರ ಹೊಸ್ತಿಲಲ್ಲಿ ನಿಂತು, "ಉಂಡ ಮ್ಯಾಲ ಉಂಡಕೋತ ಹೋದ್ರ ಹೊಟ್ಟಿ ಏನಾಗ್ತದ್ರಿ?" ಎಂದಳು.

"ನಿನಗ ಕಾಯಿದೆ ತಿಳಿಯಂಗಿಲ್ಲ, ಸುಮ್ಮನಿರು."

ಹೀಗೆ ಶುರುವಾದದ್ದು ಪ್ರತಿ ವರ್ಷವೂ ನಡೆಯಿತು. ಮೊದಲೆಲ್ಲ ಸವಳು ಮಣ್ಣಿಗೆ ಮಸ್ತಾನಸಾಬ ಹಳ್ಳದ ದಂಡೆಯವರೆಗೆ ಗಾಡಿ ಹೊಡೆಯಬೇಕಿತ್ತು, ಅರ್ಧ ಗಾಡಿ ಸಿಕ್ಕರೆ ಹೆಚ್ಚು. ಕಾಲುವೆ ಬಂದ ಮೇಲೆ ಸವಳಿಗೆ ಬರವಿಲ್ಲದಂತಾಯಿತು. ಭತ್ತ ಹಚ್ಚಿ ನೀರು ನಿಲ್ಲಿಸಿದ ಹೊಲಗಳು ಒಂದೊಂದಾಗಿ ಬೆಳ್ಳಗೆ ಉಪ್ಪು ಕಾರತೊಡಗಿದವು. ಒಕ್ಕಲಿಗರು ತಾವೇ ಕರೆದು, ಒಯ್ಯಪ್ಪ ನಿನಗೆ ಪುಣ್ಯ ಬರಲಿ ಎನ್ನುತ್ತಿದ್ದರು. ಮಸ್ತಾನಸಾಬ ಗಾಡಿ ತುಂಬಿ ತಂದು ಧಾರಾಳವಾಗಿ ಹರವಿದ. ಮೊದಲಿಗೆ ಮಾಳಿಗೆಯ ಅಂಚಿನ ಗೋಡೆ ಕುಂಬಿಯ ಮೇಲೆ ಆರಾಮಾಗಿ ಕೂಡಬಹುದಿತ್ತು. ಬರಬರುತ್ತ ಕುಂಬಿಯೂ ಮಣ್ಣೂ ಒಂದೇ ಸಮಕ್ಕೆ ಬಂದವು. ಮಳೆಯಲ್ಲಿ ಒಂದು ಹನಿ ಸೋರಲಿಲ್ಲವೆಂದು ಮರಿಲಿಂಗಪ್ಪ ಬೀಗಿದ. ಮಗಳು ಪಾರ್ವತೆಮ್ಮನ ಮದುವೆಯೂ ಅದೇ ಪಡಸಾಲೆಯಲ್ಲಾಯಿತು. ದೋರನಹಳ್ಳಿಯ ಅಯ್ಯಣ್ಣನ ಮಗನಿಗೆ ಕೊಟ್ಟರು. ಒಳ್ಳೆಯ ಮನೆತನ, ಕಾಲುವೆ ನೀರಿನ ಹೊಲ. ಅಯ್ಯಣ್ಣ ಮಾತು ಕಡಿಮೆ ಆಡುವ, ಆಡಿದ್ದನ್ನು ಹಿಂತೆಗೆಯದ ಮನುಷ್ಯ.

ಮದುವೆಯಾದ ಮರುವರ್ಷ ಪಾರ್ವತೆಮ್ಮ ಬಸಿರಾದಳು. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ದಿನ ತುಂಬುವುದು ರೋಹಿಣಿಯ ಬೆನ್ನಿಗೆ ಬರುವ ಮಿರಗದ ಮಳೆಯ ಆಸುಪಾಸಿಗಿತ್ತು. ಸಂಕ್ರಾಂತಿ ಮುಗಿಯುತ್ತಲೇ ದೇವಕಮ್ಮ ಅಟ್ಟದಿಂದ ತೊಟ್ಟಿಲು ಇಳಿಸಿದಳು. ತೊಳೆದು ಒರೆಸಿ, ಗಂಡನ ಕೈಯಲ್ಲಿ ಕೊಂಡಿಗೆ ಏರಿಸಿದಳು. ಅದೇ ತೊಟ್ಟಿಲು, ಅದೇ ಸರಪಳಿ. ಮೊದಲು ನೆಲದಿಂದ ನಾಲ್ಕು ಬೆರಳು ಮೇಲೆ ತೂಗುತ್ತಿದ್ದ ತೊಟ್ಟಿಲು ಈಗ ನೆಲಕ್ಕೆ ಕೂತಿತು. ತಳ್ಳಿದರೆ ತೂಗಲಿಲ್ಲ, ಕರ್ರನೆ ಗಾರೆಯನ್ನು ಕೆರೆಯಿತು.

"ಸರಪಳಿ ಉದ್ದಾಗ್ಯಾದೇನು?" ಎಂದ ಮರಿಲಿಂಗಪ್ಪ.

ದೇವಕಮ್ಮ ಅವನ ಮುಖ ನೋಡಿ, ಆಮೇಲೆ ಮೇಲೆ ನೋಡಿದಳು. ತೊಲೆ ನಡುವೆ ಬಾಗಿತ್ತು. ಹೊಟ್ಟೆಯಡಿ ಕೂದಲೆಳೆಯಷ್ಟು ಬಿರುಕು. ಅವರು ನೋಡುತ್ತಿರುವಾಗಲೇ ಜಂತೆಯ ಸಂದಿನಿಂದ ಒಂದು ಹಿಡಿ ಬಿಳಿ ಮಣ್ಣು ಸುರಿದು ತೊಟ್ಟಿಲೊಳಗೆ ಬಿತ್ತು.

"ಹಾಕಂಗಿಲ್ಲ ಅಂತ ಬರದಿಲ್ಲ ಅಂದ್ರೆಲ್ಲ," ಎಂದಳು ದೇವಕಮ್ಮ. ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಆವತ್ತೇ ಮರಿಲಿಂಗಪ್ಪ ಮಸ್ತಾನಸಾಬನನ್ನು ಕರೆಸಿದ. ಹೆರೆದು ಹಾಕು ಎಂದ. ಹಂಪಣ್ಣ ಬಂದು ಏಣಿಗೆ ಅಡ್ಡ ನಿಂತ. "ಕಾರಕೂನ್ರೆ, ನೀವ ಹೇಳಿದ್ರಿ ತೆಗಿಯಂಗಿಲ್ಲಂತ. ಈಗ ನೀವ ತೆಗಿ ಅಂದ್ರ ಹ್ಯಾಂಗ? ಮ್ಯಾಲಿಂದ ಪರವಾನಗಿ ತರ್ರಿ, ನಾನೂ ಬುಟ್ಟಿ ಹೊರತೀನಿ." ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ ಮನುಷ್ಯನಿಗೆ ಆಗುವ ಸಿಟ್ಟು ಬೇರೆಯವರ ಮೇಲಿನ ಸಿಟ್ಟಿಗಿಂತ ಕೆಟ್ಟದ್ದು. ಮರಿಲಿಂಗಪ್ಪ ಹಲ್ಲು ಕಚ್ಚಿಕೊಂಡು ಕಲಬುರ್ಗಿಯ ಬಸ್ಸು ಹತ್ತಿದ.

ಇಲಾಖೆಯಲ್ಲಿ ಕೂಡಿಸಿದರು. ಸಾಹೇಬರು ಊರೂರು ಸುತ್ತುವ ದೌರೆಯ ಮೇಲಿದ್ದಾರೆ ಎಂದರು. ಮುಂದಿನ ವಾರ ಹೋದ. ಅರ್ಜಿ ಕೊಡಿ ಎಂದರು. ಅರ್ಜಿ ಕೊಟ್ಟ, ಕಟ್ಟಡದ ಮಾಲಕರೇ ಕೊಟ್ಟರೆ ಆಗದು, ಕಾವಲುಗಾರನ ವರದಿ ಬರಬೇಕು ಎಂದರು. ಹಂಪಣ್ಣನಿಗೆ ವರದಿ ಬರೆಯಲು ಬಾರದು, ಮರಿಲಿಂಗಪ್ಪನೇ ಕೂತು ಬರೆದ, ಹಂಪಣ್ಣ ಸಹಿ ಮಾಡಿದ. ಅದನ್ನು ಒಯ್ದರೆ, ಇಂಜಿನಿಯರು ನೋಡಬೇಕು ಎಂದರು. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದೂ ಹೇಳಿದರು. ಇಷ್ಟು ಹೊತ್ತಿಗೆ ಶಿವರಾತ್ರಿ ಹೋಗಿ ಯುಗಾದಿ ಬಂದಿತ್ತು.

ಮರಿಲಿಂಗಪ್ಪನಿಗೆ ಅತಿ ಹೆಚ್ಚು ಉರಿದದ್ದು ಇದು: ಆ ಆಫೀಸಿನಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಎಲ್ಲರೂ ನಯವಾಗಿ ಮಾತಾಡಿದರು. ಒಬ್ಬ ಕಾರಕೂನನಂತೂ ಕುರ್ಚಿ ಒರೆಸಿ ಕೂಡಿಸಿ, "ನಿಮ್ಮ ಕಷ್ಟ ತಿಳಿತದ್ರಿ, ಆದರ ನಮ್ಮ ಕೈಯಾಗ ಏನದ?" ಎಂದ. ಮರಿಲಿಂಗಪ್ಪ ಕಾಲುವೆಯ ಬಾಲಕ್ಕೆ ನೀರು ಬರಲಿಲ್ಲವೆಂದು ಬಂದವರಿಗೆ ಇಷ್ಟು ವರ್ಷ ಹೇಳುತ್ತಿದ್ದ ಮಾತು ಅದು, ಅದೇ ರಾಗ, ಅದೇ ತಲೆ ಅಲ್ಲಾಡಿಸುವಿಕೆ. ಬಂದವರು ಹಾಗೆ ಯಾಕೆ ಬಾಗಿಲು ಬಡಿದು ಹೋಗುತ್ತಿದ್ದರು ಎನ್ನುವುದು ಅವನಿಗೆ ಆವತ್ತು ತಿಳಿಯಿತು. ಅವನೂ ಬಾಗಿಲು ಬಡಿದ. ಸ್ಪ್ರಿಂಗಿನ ಬಾಗಿಲು, ಸಪ್ಪಳ ಮಾಡದೆ ಮುಚ್ಚಿಕೊಂಡಿತು.

ರೋಹಿಣಿಗೆ ಮುಂಚೆ ಮಗಳನ್ನು ಕರೆತರುವ ಮಾತಾಡಲು ಬೀಗರು ಅಯ್ಯಣ್ಣ ಬಂದರು. ದೇವಕಮ್ಮ ಅವರನ್ನು ಹೊರಗಿನ ಕಟ್ಟೆಯ ಮೇಲೇ ಕೂಡಿಸಿ ಉಪ್ಪಿಟ್ಟು ಕೊಟ್ಟಳು. ಅಯ್ಯಣ್ಣ ತಿಂದು ಕೈ ತೊಳೆಯಲು ಒಳಗೆ ಹೋದವರು ಪಡಸಾಲೆಯಲ್ಲಿ ನಿಂತು ಕತ್ತೆತ್ತಿ ನೋಡಿದರು. ತೊಲೆಯ ಅಡಿಗೆ ಮರಿಲಿಂಗಪ್ಪ ಒಂದು ಜಾಲಿಯ ಬಡ್ಡೆ ಆನಿಸಿ ನಿಲ್ಲಿಸಿದ್ದ. ಅದಕ್ಕೂ ಹಂಪಣ್ಣ ತಕರಾರು ಮಾಡಿದ್ದ.

"ಬೀಗ್ರೆ, ನಮ್ಮ ಸೊಸಿನ್ನ ಇದರ ಕೆಳಗ ಮಲಗಸ್ತೀರೇನು?"

ದೇವಕಮ್ಮ ನಡುವೆ ಬಂದಳು. "ಇಲ್ರಿ ಅಣ್ಣ. ಹೊಸಾ ಬಡಾವಣಿಯಾಗ ತಗಡಿನ ಪತ್ರಾಸ್ ಮನಿ ಹಿಡೀತೀವಿ. ಬಾಣಂತನ ಅಲ್ಲಿ ಮಾಡ್ತೀನಿ. ತೊಟ್ಲ ಮಾತ್ರ ಇಲ್ಲೇ ಹಾಕೂದು. ತೊಲಿ ರಿಪೇರಿ ಆಗತಾನ ತಡೀರಿ."

"ಯಾವಾಗ ಆಗ್ತದ?"

ಆಕೆ ಗಂಡನ ಕಡೆ ನೋಡಿದಳು. ಗಂಡ ಜಾಲಿ ಬಡ್ಡೆಯ ಕಡೆ ನೋಡಿದ.

"ಕೂಸಿಗೆ ಐದ ತಿಂಗಳ ಆತಂದ್ರ ನಾ ಕರಕೊಂಡ ಹೋಗ್ತೀನಿ," ಎಂದರು ಅಯ್ಯಣ್ಣ. "ಅಲ್ಲಿತನ ನಿಮ್ಮ ತೊಲಿ. ಆಮ್ಯಾಲ ನಮ್ಮ ಮನ್ಯಾಗ ಹೆಸರ ಇಡ್ತೀವಿ."

ಕೊನೆಗೂ ಇಲಾಖೆಯ ಜೀಪು ಬಂತು. ಹಿಂದಿನ ಸಾಹೇಬರು ಬದಲಾಗಿ ಬೇರೆಯವರು ಬಂದಿದ್ದರು, ಇಂಜಿನಿಯರನ್ನು ಕರೆತಂದಿದ್ದರು. ಇಬ್ಬರೂ ಮಾಳಿಗೆ ಏರಿದರು. ಬೂಟು ಮೆತ್ತನೆಯ ಮಣ್ಣಿನಲ್ಲಿ ಹೂತಿತು. ಇಂಜಿನಿಯರು ಒಂದು ಕಬ್ಬಿಣದ ಸಲಾಕೆ ಚುಚ್ಚಿದರು. ಅದು ಇಳಿಯುತ್ತಲೇ ಹೋಯಿತು.

"ಯಾರ್ರಿ ಇಷ್ಟು ಮಣ್ಣು ಹೇರಿದವರು? ಇದು ಮಾಳಿಗೆಯೋ ಹೊಲವೋ?"

ಹಂಪಣ್ಣ ಆಕಾಶದಲ್ಲಿ ಹದ್ದು ಹುಡುಕಿದ. ಮರಿಲಿಂಗಪ್ಪ ಎಲ್ಲವನ್ನೂ ಹೇಳಿದ, ಬೋರ್ಡಿನಿಂದ ಹಿಡಿದು. ಸಾಹೇಬರು ತಾಳ್ಮೆಯಿಂದ ಕೇಳಿದರು. "ತೆಗೆಯಬಾರದು ಅಂದರೆ ಮಣ್ಣನ್ನು ಅಲ್ಲರೀ. ಅಷ್ಟು ಸಾಮಾನ್ಯ ಜ್ಞಾನ ಬೇಡವೇ? ನೀವು ಓದಿದವರು." ಆಮೇಲೆ, ಮಾಲಕರ ನಿರ್ಲಕ್ಷ್ಯದಿಂದ ಕಟ್ಟಡಕ್ಕೆ ಅಪಾಯ ಬಂದಿದೆ, ರಿಪೇರಿ ಮುಗಿಯುವವರೆಗೆ ಮನೆ ಖಾಲಿ ಮಾಡಬೇಕು ಎಂದು ಬರೆದು ಅವನ ಕೈಗೇ ಕೊಟ್ಟರು. ಬೇಲಿಯೇ ಹೊಲ ಮೇಯ್ದರೆ ಹೊಲದವನ ಮೇಲೇ ದಂಡ.

ಮರಿಲಿಂಗಪ್ಪ ಆ ದಿನ ಉಣ್ಣಲಿಲ್ಲ. ತಪ್ಪು ತನ್ನದೇ ಎನ್ನುವುದು ಅವನಿಗೆ ಗೊತ್ತಿತ್ತು. ಆದರೆ ಅವರದೂ ಹೌದಲ್ಲ ಎನ್ನುವುದು ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಅದನ್ನು ಯಾರ ಮುಂದೆ ಉಗುಳಬೇಕು? ಹೆಂಡತಿಯ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ಮಸ್ತಾನಸಾಬನ ಗಾಡಿಗೆ ಪಾತ್ರೆ, ಹಾಸಿಗೆ, ತೊಟ್ಟಿಲು ಹೇರಿ ಪತ್ರಾಸ್ ಮನೆಗೆ ಹೋದರು.

ಮಿರಗದ ಮೊದಲ ಮಳೆಯ ಮರುದಿನ ಪಾರ್ವತೆಮ್ಮ ಸರ್ಕಾರಿ ದವಾಖಾನೆಯಲ್ಲಿ ಹೆಣ್ಣು ಹೆತ್ತಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಪತ್ರಾಸ್ ಮನೆ ಮಾತ್ರ ಬಿಸಿಲಿಗೆ ಕಾದ ಹಂಚಾಗುತ್ತಿತ್ತು, ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ, ಕೂಸು ಬೆಚ್ಚಿ ಬೆಚ್ಚಿ ಅಳುತ್ತಿತ್ತು. ತೊಟ್ಟಿಲು ಮೂಲೆಯಲ್ಲಿ ನೆಲದ ಮೇಲೆ ಕೂತಿತ್ತು. ಅದರಲ್ಲಿ ದೇವಕಮ್ಮ ಕೂಸಿನ ಅರಿವೆ ಇಡುತ್ತಿದ್ದಳು. ಕೂಸು ಮಲಗುವುದು ಸೀರೆಯ ಜೋಳಿಗೆಯಲ್ಲಿ.

ಹದಿಮೂರನೆಯ ದಿನ ಕಳೆಯಿತು, ತಿಂಗಳು ಕಳೆಯಿತು. ನೋಡಲು ಬಂದವರೆಲ್ಲ ಹೆಸರೇನು ಎಂದು ಕೇಳುವರು. "ಇನ್ನೂ ಇಟ್ಟಿಲ್ಲವ್ವ, ತೊಲಿ ರಿಪೇರಿ ಆಗಾಕತ್ತದ," ಎಂದು ದೇವಕಮ್ಮ. ತೊಲೆಗೂ ಹೆಸರಿಗೂ ಏನು ಸಂಬಂಧವೆಂದು ತಿಳಿಯದೆ ಅವರು ತಲೆ ಕೆರೆದುಕೊಂಡು ಹೋಗುವರು. ಪಾರ್ವತೆಮ್ಮನಿಗೇ ಒಂದು ದಿನ ತಾಳ್ಮೆ ತಪ್ಪಿತು.

"ಅಪ್ಪಾ, ಕೂಸಿಗೆ ನಾ ಏನಂತ ಕರೀಲಿ? ನಾಯಿಮರಿಗಾದ್ರೂ ಒಂದು ಹೆಸರಿರ್ತದ."

ಮರಿಲಿಂಗಪ್ಪ ಚಪ್ಪಲಿ ಮೆಟ್ಟಿ ಏರು ಓಣಿಗೆ ನಡೆದ. ದಿನಾ ನಡೆಯುತ್ತಿದ್ದ. ಇಲಾಖೆಯವರು ಮಾಳಿಗೆಯ ಮೇಲಿನ ಮಣ್ಣನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿ, ಕಾಲುವೆಯ ರಸ್ತೆಯ ತಗ್ಗಿಗೆ ಸುರಿದು ಬಂದಿದ್ದರು. ಯಾರೂ ಅದು ಯಾವ ಕಾಲದ ಮಣ್ಣೆಂದು ಕೇಳಲಿಲ್ಲ. ಹಂಪಣ್ಣನೇ ನಿಂತು ತುಂಬಿಸಿದ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಳಗೆ ಕೆಲಸ ನಡೆಯುತ್ತಿತ್ತು. ಜಾಕು ಕೊಟ್ಟು ತೊಲೆಯನ್ನು ಎತ್ತುತ್ತಿದ್ದರು. ಮನೆಯ ಮಾಲಕ ಹೊಸ್ತಿಲ ಹೊರಗೆ ನಿಂತು, "ಎಲ್ಲಿಗೆ ಬಂತ್ರಿ?" ಎಂದು ಕೇಳಿ, "ಆಗಾಕತ್ತದ್ರಿ," ಎನ್ನುವ ಉತ್ತರ ಕೇಳಿಸಿಕೊಂಡು ತಿರುಗುತ್ತಿದ್ದ.

ದಸರೆ ಹೋಗಿ ದೀಪಾವಳಿಗೆ ಕೆಲವು ದಿನವಿರುವಾಗ ಕೆಲಸ ಮುಗಿಯಿತು ಎಂದು ಹಂಪಣ್ಣ ಬಂದು ಹೇಳಿದ. ಕೂಸಿಗೆ ಐದು ತಿಂಗಳಾಗುವುದಿತ್ತು. ಅಯ್ಯಣ್ಣನಿಗೆ ಹೇಳಿ ಕಳಿಸಿದರು. ಬೆಳಗಾಗುತ್ತಲೇ ಮಸ್ತಾನಸಾಬ ಗಾಡಿಗೆ ಸಾಮಾನು ಹೇರಿದ. ತೊಟ್ಟಿಲನ್ನು ಎಲ್ಲಕ್ಕಿಂತ ಮೇಲೆ ಇಟ್ಟು ದೇವಕಮ್ಮ ತಾನೇ ಹಗ್ಗ ಬಿಗಿದಳು. ಎಷ್ಟೋ ತಿಂಗಳ ಮೇಲೆ ಆಕೆಯ ಮುಖದಲ್ಲಿ ನಗೆ ಇತ್ತು, ದಾರಿಯಲ್ಲಿ ಕಂಡವರನ್ನೆಲ್ಲ ತೊಟ್ಟಿಲಿಗೆ ಕರೆದಳು.

ಮನೆ ನಿಜಕ್ಕೂ ಚಂದವಾಗಿತ್ತು, ಸುಳ್ಳು ಹೇಳಬಾರದು. ಗೋಡೆಗೆ ಸುಣ್ಣ, ಕಂಬಕ್ಕೆ ಎಣ್ಣೆ, ಗಿಳಿಮೂತಿಗಳು ಈಗಷ್ಟೇ ಕೆತ್ತಿದಂತೆ. ತೊಲೆ ನೆಟ್ಟಗೆ ನಿಂತಿತ್ತು. ಮರಿಲಿಂಗಪ್ಪನಿಗೆ ಕಣ್ಣು ತುಂಬಿ ಬಂತು. ಒಂದು ಗಳಿಗೆ ಎಲ್ಲರನ್ನೂ ಕ್ಷಮಿಸಿಬಿಟ್ಟ, ಹಂಪಣ್ಣನನ್ನೂ. ಸ್ಟೂಲು ತಂದು, ಸರಪಳಿ ಹೆಗಲಿಗೆ ಹಾಕಿಕೊಂಡು ಹತ್ತಿದ. ಕೈ ಚಾಚಿದ. ಕೊಂಡಿ ಇರಲಿಲ್ಲ.

ಕೊಂಡಿ ಇದ್ದ ಕಡೆ ಎರಡು ದುಂಡನೆಯ ಹೊಸ ಮರದ ಬೆಣೆ ಬಡಿದು, ಮೇಲೆ ನಯವಾಗಿ ಉಜ್ಜಿದ್ದರು.

"ಹಂಪಣ್ಣ."

"ಸಾಹೇಬ್ರ ತೆಗಿಸಿದ್ರಿ," ಎಂದ ಹಂಪಣ್ಣ ಮೆಲ್ಲಗೆ. "ಅವು ಸರದಾರನ ಕಾಲದವಲ್ಲಂತ. ಆಮ್ಯಾಲ ಯಾರೋ ಬಡದಾರಂತ. ಮೂಲದಾಗ ಇಲ್ಲದ್ದು ಇರಬಾರದಂತ."

"ಯಾರೋ ಅಂದ್ರ ನಮ್ಮಜ್ಜ."

"ಇರಬೇಕ್ರಿ." ಹಂಪಣ್ಣ ಖಾಕಿ ಅಂಗಿಯ ಕಿಸೆಯಿಂದ ಪೇಪರಿನಲ್ಲಿ ಸುತ್ತಿದ ಗಂಟು ತೆಗೆದ. "ಕಳೀಬಾರದಂತ ತೆಗೆದಿಟ್ಟೀನ್ರಿ." ಎರಡು ಕೊಂಡಿ, ತೂಗಿ ತೂಗಿ ಒಳಗಡೆ ಹೊಳಪು ಬಂದವು.

ದೇವಕಮ್ಮ ಬರಿದಾದ ತೊಟ್ಟಿಲ ಪಕ್ಕದಲ್ಲಿ ನೆಲಕ್ಕೆ ಕೂತಳು. ಮರಿಲಿಂಗಪ್ಪ ಸ್ಟೂಲಿನಿಂದ ಇಳಿದು ಒಳಗೆ ಹೋಗಿ ಸುತ್ತಿಗೆ ಹುಡುಕಿ ತಂದ. ಹಂಪಣ್ಣ ಎರಡೂ ಕೈ ಚಾಚಿ ಸ್ಟೂಲಿಗೆ ಅಡ್ಡ ನಿಂತ.

"ಒಂದು ಮೊಳೀನೂ ಹೊಡಿಯಂಗಿಲ್ರಿ, ತೊಲಿಗೆ ಹಗ್ಗಾನೂ ಸುತ್ತಂಗಿಲ್ರಿ. ಇವತ್ತ ಫೋಟೋ ತೆಗಿಯಾಕ ಬರತಾರ. ನಂದು ನೌಕರಿ ಹೋಗ್ತದ. ನನ್ನ ಅನ್ನಕ್ಕ ಕಲ್ಲ ಹಾಕಬ್ಯಾಡ್ರಿ ಕಾರಕೂನ್ರೆ."

ಓಣಿಯ ಹೆಂಗಸರು ಆರತಿ ತಟ್ಟೆ ಹಿಡಿದು ಬಂದು ಪಡಸಾಲೆ ತುಂಬಿದ್ದರು. ಸುತ್ತಿಗೆ ಹಿಡಿದ ಗಂಡಸು, ಕೈ ಚಾಚಿದ ಗಂಡಸು, ನೆಲದ ಮೇಲೆ ಕೂತ ದೇವಕಮ್ಮ, ಇವರನ್ನು ನೋಡಿ ಅವರಿಗೆ ಹಾಡು ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಮಗಳನ್ನು ಕರೆದುಕೊಂಡು ಬಂದು ಕೂತಿದ್ದ ಅಯ್ಯಣ್ಣ ಎದ್ದು ಹೆಗಲ ಮೇಲಿನ ಟವೆಲು ಕೊಡವಿದರು. "ಹೊತ್ತು ಏರಾಕತ್ತದ. ಬೀಗ್ರೆ, ಸಾಕು. ದೋರನಹಳ್ಳ್ಯಾಗ ನಮ್ಮದೂ ಒಂದು ತೊಲಿ ಅದ."

"ಇಲ್ಲ," ಎಂದಳು ದೇವಕಮ್ಮ. ಕೂತಲ್ಲಿಂದಲೇ, ತಲೆ ಎತ್ತದೆ. "ಐದ ತಿಂಗಳ ಕೂಸಿನ್ನ ಹೆಸರಿಲ್ಲದ ಇಟ್ಟೀನಿ. ಇದರ ಕೆಳಗ ಮಲಗಿಸಿದ ಹೊರತು ಕಳಸಂಗಿಲ್ಲ."

ಆಗ ಬಾಗಿಲಲ್ಲಿ ಸಾಮಾನು ಇಳಿಸುತ್ತಿದ್ದ ಮಸ್ತಾನಸಾಬ ಸುಮ್ಮನೆ ಗಾಡಿಯ ಕಡೆ ಹೋಗಿ, ಎತ್ತಿನ ಕೊರಳು ಬಿಚ್ಚಿ, ನೊಗವನ್ನು ಹೊತ್ತು ತಂದು ಪಡಸಾಲೆಯ ನಡುವೆ ಇಳಿಸಿದ. "ಇದು ಮನಿಗೆ ಸೇರಿದ್ದಲ್ಲರೆಪ, ನನ್ನ ಗಾಡೀದು. ಇದಕ ಯಾರದೂ ತಕರಾರಿಲ್ಲಲ್ಲ? ಆ ಕಡಿ ಒಬ್ರು ಹೊರ್ರಿ, ಈ ಕಡಿ ಒಬ್ರು."

ಹಂಪಣ್ಣ ಯೋಚಿಸಿದ. ನೊಗದ ಬಗ್ಗೆ ಬೋರ್ಡಿನಲ್ಲಿ ಏನೂ ಇರಲಿಲ್ಲ. ಪಕ್ಕಕ್ಕೆ ಸರಿದ.

ಹಾಗೆ ಮರಿಲಿಂಗಪ್ಪ ಒಂದು ಬದಿಗೆ, ಅಯ್ಯಣ್ಣ ಇನ್ನೊಂದು ಬದಿಗೆ ನೊಗ ಹೊತ್ತು ನಿಂತರು. ನಡುವೆ ಸರಪಳಿ ಸುತ್ತಿ ತೊಟ್ಟಿಲು ತೂಗುಹಾಕಿದರು. ಅಯ್ಯಣ್ಣ ಗಿಡ್ಡ, ಮರಿಲಿಂಗಪ್ಪ ಎತ್ತರ. ತೊಟ್ಟಿಲು ಬೀಗರ ಕಡೆ ಜಾರತೊಡಗಿತು. "ಬಗ್ಗರಿ, ಇನ್ನೊಂದಿಷ್ಟು ಬಗ್ಗರಿ," ಎಂದು ಹೆಂಗಸರು. ಮರಿಲಿಂಗಪ್ಪ ಮೊಣಕಾಲು ಮಡಚಿ ಬಗ್ಗಿದ. ಒಬ್ಬಾಕೆ, "ಜೋಡಿ ಛಲೋ ಅದ, ಸಂತಿಗೆ ಹೊಡಕೊಂಡ ಹೋಗಬಹುದು," ಎಂದಳು, ಎಲ್ಲರೂ ನಕ್ಕರು. ಮರಿಲಿಂಗಪ್ಪನಿಗೆ ನಗು ಬರಲಿಲ್ಲ. ತನ್ನ ಮನೆಯಲ್ಲಿ, ತನ್ನ ಅಜ್ಜ ಕೊಂಡಿ ಬಡಿದ ತೊಲೆಯ ಕೆಳಗೆ ತಾನು ಎತ್ತಿನಂತೆ ನಿಂತಿದ್ದೇನೆ ಎನ್ನುವ ಸಿಟ್ಟು ಅವನ ಕಿವಿಯವರೆಗೆ ಏರಿತ್ತು.

ಪದ್ಧತಿಯಂತೆ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಬಂತು. ಚಟ್ನಿ ಅರೆಯುವ ಆ ಕಲ್ಲಿಗೆ ಕೂಸಿನ ಕುಂಚಿಗೆ ಕಟ್ಟಿ, "ಗುಂಡಪ್ಪನ್ನ ತಗೋ, ಕೂಸಿನ್ನ ಕೊಡು," ಎನ್ನುತ್ತ ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿ ಮಲಗಿಸಿದರು. ಮರಿಲಿಂಗಪ್ಪನ ಕುತ್ತಿಗೆ ಚಳಕ್ ಎಂದಿತು. ಕಲ್ಲು ತೆಗೆದು ಕೂಸನ್ನು ಮಲಗಿಸಿದಾಗ ನೊಗ ಹಗುರಾಯಿತು. ಅಯ್ಯಣ್ಣನ ಮಗಳು, ಕೂಸಿನ ಸೋದರತ್ತೆ, ಬಗ್ಗಿ ಕಿವಿಯಲ್ಲಿ ಹೆಸರು ಉಸಿರಿದಳು, ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಮೋನಮ್ಮ ಎಂದು ಹೆಸರಾಯಿತು. ದೇವಕಮ್ಮ ಕಣ್ಣೊರೆಸಿಕೊಂಡು ತೊಟ್ಟಿಲು ತೂಗಿ ಜೋಗುಳ ಎತ್ತಿದಳು. ಪ್ರತಿ ತೂಗಿಗೂ ನೊಗ ಇಬ್ಬರು ಅಜ್ಜಂದಿರನ್ನೂ ಒಂದು ಹೆಜ್ಜೆ ಎಳೆದು ಒಂದು ಹೆಜ್ಜೆ ತಳ್ಳಿತು.

ಅಷ್ಟರಲ್ಲಿ ಇಲಾಖೆಯ ಫೋಟೋದವರು ಬಂದರು. ಬೆಂಗಳೂರಿನಿಂದ ಬಂದ ಸೌಮ್ಯ ಹುಡುಗ. ಮೂರು ಕಾಲಿನ ಸ್ಟ್ಯಾಂಡು ಹೂಡಿ, ಕ್ಯಾಮೆರಾದಲ್ಲಿ ಕಣ್ಣಿಟ್ಟು, ಕಣ್ಣು ತೆಗೆದು, ಬಹಳ ವಿನಯದಿಂದ ಹೇಳಿದ: "ಸರ್, ಸ್ವಲ್ಪ ಆ ಕಡೆ ಸರೀತೀರಾ? ತೊಲೆಗೆ ನೀವು ಅಡ್ಡ ಬರ್ತಿದೀರಿ."

ಹಂಪಣ್ಣ ಮರಿಲಿಂಗಪ್ಪನ ಮುಖ ನೋಡಿದ. ಅಯ್ಯಣ್ಣ ನೊಗ ಇಳಿಸಲು ಕೈ ಎತ್ತಿದರು. ಮರಿಲಿಂಗಪ್ಪ ಮಾತ್ರ ಕದಲಲಿಲ್ಲ. ಕುತ್ತಿಗೆ ಎತ್ತಲಾಗದೆ, ನೆಲ ನೋಡುತ್ತಲೇ ಹೇಳಿದ:

"ಕೂಸು ಮಲಗ್ಲಿ, ತಡೀರಿ."

ಹುಡುಗ ಗೋಡೆಗೆ ಒರಗಿ ಕೈ ಕಟ್ಟಿ ನಿಂತ. ಮೋನಮ್ಮನಿಗೆ ಅಂದು ನಿದ್ದೆ ಬರಲು ಬಹಳ ಹೊತ್ತು ಹಿಡಿಯಿತು.